ಯೆಸ್ ಒತ್ತದ ಸ್ಟೇಷನ್ ಮಾಸ್ಟರು

ಮಾಸ್ಟರು ಹೋದರು ಅಂತ ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಫೋನು ಬಂತು. ಗುರುತಿಲ್ಲದ ನಂಬರು, ಗುರುತಿಲ್ಲದ ಗಂಡಸಿನ ದನಿ. "ಮೇಡಮ್ಮೋರೇ, ಅರಸೀಕೆರೆ ಮಾಸ್ಟ್ರು ತೀರ್ಕೊಂಡ್ರು. ನಿಮ್ಗೆ ತಿಳಿಸ್ಬೇಕು ಅಂದ್ರು" ಅಂದವನೇ ಇಟ್ಟುಬಿಟ್ಟ. ನಾನು ಅಳಲಿಲ್ಲ. ನಂಬಲೇ ಇಲ್ಲ. ಯಾಕೆ ನಂಬಲಿಲ್ಲ ಅಂತ ತಿಳಿಯಬೇಕಾದರೆ ಮಾಸ್ಟರು ಎಂಥವರು ಅನ್ನುವುದನ್ನು ಮೊದಲು ಹೇಳಬೇಕು. ನೆನಪಾದ ಹಾಗೆ ಹೇಳುತ್ತೇನೆ, ಹಿಂದುಮುಂದಾದರೆ ಸಹಿಸಿಕೊಳ್ಳಿ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ "ಯಾರ ಅಪ್ಪಣೆ ತಗೊಂಡೆ?" ಅಂತ ಅಲ್ಲಿಂದಲೇ ಕೇಳಿಯಾರು. ಊರಿನಲ್ಲೂ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಬಾಣಾವರದಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದ ಮೇಲೆ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಎಸ್‌ಟಿಡಿ ಬೂತು ಇಟ್ಟರು. ಎಲ್ಲರ ಕೈಗೂ ಮೊಬೈಲು ಬರತೊಡಗಿದಾಗ ಅದೇ ಬೂತಿನ ಹಿಂದಿನ ಕೋಣೆಯಲ್ಲಿ ಮೂರು ಹಳೆಯ ಕಂಪ್ಯೂಟರು ಜೋಡಿಸಿದರು. ತೋಳು ಮಡಿಸದ ಬಿಳಿ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು. ಇಂಟರ್‌ನೆಟ್ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು, ಎಲ್ಲ ಅದರಲ್ಲಿ ನಿಮಿಷ ಸಮೇತ ದಾಖಲಾಗುತ್ತಿತ್ತು. ಏನು ಹೇಳಿದರೂ ಅದನ್ನೇ ನಮಗೆ ವಾಪಸ್ ಹೇಳಿ, "ಸರಿನಾ?" ಅಂತ ಕೇಳುವುದು ಅವರ ಅಭ್ಯಾಸ. ಅವರ ಹೆಂಡತಿ ಸಾವಿತ್ರಮ್ಮನವರು ಬೂತಿನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತ ನಗುತ್ತಿದ್ದರು: "ಉಪ್ಪು ತಗೊಂಡ್ ಬನ್ನಿ ಅಂದ್ರೆ 'ಉಪ್ಪು, ಪುಡಿ ಉಪ್ಪು, ಅರ್ಧ ಕೇಜಿ, ಸರಿನಾ?' ಅಂತ ವಾಪಸ್ ಹೇಳಿ ಹೋಗೋ ಗಂಡಸ್ನ ಎಲ್ಲಾದ್ರೂ ಕಂಡಿದ್ಯೇನೇ? ನನ್ ಹಣೇಲಿ ಬರ್ದೈತೆ."

ಇನ್ನು ನನ್ನ ವಿಷಯ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಕಡೆಯವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ. ಆಗ ನಾನು ಜಾವಗಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿ. ಪ್ರತಿ ಬೇಸಿಗೆ ರಜೆ ಮುಗಿಯುವಾಗಲೂ ಈ ಸಲ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಸರ್ಕಾರಿ ಇಲಾಖೆ ಸಹಾಯಕರ ಹುದ್ದೆಗೆ ಅರ್ಜಿ ಕರೆಯಿತು. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಆ ಸಲ ತಪ್ಪಿದರೆ ಮುಗಿಯಿತು, ಮತ್ತೆ ಯಾವ ಸರ್ಕಾರಿ ಅರ್ಜಿಗೂ ನಾನು ಕೈ ಹಾಕುವ ಹಾಗಿರಲಿಲ್ಲ. ಅರ್ಜಿಯನ್ನು ಕಾಗದದಲ್ಲಿ ಕಳಿಸುವಂತಿಲ್ಲ, ಕಂಪ್ಯೂಟರಿನಲ್ಲೇ ತುಂಬಬೇಕು ಅಂತ ಬೇರೆ ನಿಯಮ. ಮಾಸ್ಟರ ಕೋಣೆಯಲ್ಲೇ ಹೆಸರು ನೋಂದಾಯಿಸಿ ಪಾಸ್‌ವರ್ಡ್ ಪಡೆದಿದ್ದೆ. ಪೂರ್ತಿ ಅರ್ಜಿ ತುಂಬುವುದಕ್ಕೆ ಶಾಲೆಯವರು ರಜೆ ಕೊಟ್ಟದ್ದು ಕೊನೆಯ ದಿನ. ಸಂಜೆ ಐದಕ್ಕೆ ಬಾಗಿಲು ಬಂದ್.

ಮೊದಲ ಬಸ್ಸಿಗೇ ಹೊರಟೆ. ಅರಸೀಕೆರೆ ತಲುಪಿದರೆ ಕರೆಂಟಿಲ್ಲ. ಎರಡು ಗಂಟೆಗೆ ಕರೆಂಟು ಬಂತು. ಮೋಡೆಮ್ಮು ಕಿರುಚಿ, ಗೊರಗುಟ್ಟಿ, ಅಂತೂ ಲೈನು ಹಿಡಿಯಿತು. ಇಲಾಖೆಯ ಸೈಟು ತೆರೆಯುವ ಮೊದಲೇ ಪರದೆಯ ನಡುವೆ ಒಂದು ಎಚ್ಚರಿಕೆಯ ಪೆಟ್ಟಿಗೆ ಎದ್ದು ನಿಂತಿತು. ಕೆಳಗೆ ಮೂರು ಗುಂಡಿ: ಯೆಸ್, ನೋ, ಸರ್ಟಿಫಿಕೇಟ್ ನೋಡಿ.

"ಯೆಸ್ ಒತ್ತಿ ಮಾಸ್ಟ್ರೇ" ಅಂದೆ.

ಅವರು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಏನ್ ಬರ್ದಿದೆ ಓದಮ್ಮ."

ಇಂಗ್ಲಿಷನ್ನು ಕಷ್ಟಪಟ್ಟು ಕನ್ನಡ ಮಾಡಿದೆ. "ಈ ಸರ್ಟಿಫಿಕೇಟು ಕೊಟ್ಟಿರೋ ಕಂಪನಿನ ನಂಬಬೋದು ಅಂತ ನೀವು ಇನ್ನೂ ಹೇಳಿಲ್ಲ, ಮುಂದಕ್ಕೆ ಹೋಗ್ಬೇಕಾ ಅಂತ ಕೇಳ್ತಿದೆ. ಅಷ್ಟೇ."

"ಹೇಳಿದೀಯಾ?"

"ಏನ್ನ?"

"ಆ ಕಂಪನಿನ ನಂಬಬೋದು ಅಂತ."

"ಅಯ್ಯೋ, ನಂಗೆ ಯಾವ ಕಂಪನಿ ಗೊತ್ತು ಮಾಸ್ಟ್ರೇ!"

"ನಂಗೂ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಮತ್ತೆ ಯೆಸ್ ಹೆಂಗೆ ಒತ್ತೋದು?"

ನನ್ನ ಮೈಯೆಲ್ಲ ಉರಿದುಹೋಯಿತು. ಹೋದ ವಾರ ಇದೇ ಸೈಟು, ಇದೇ ಕಂಪ್ಯೂಟರು, ಯಾವ ಪೆಟ್ಟಿಗೆಯೂ ಬಂದಿರಲಿಲ್ಲ. ಅದನ್ನೇ ಹೇಳಿದೆ. ಅವರು ಸಮಾಧಾನವಾಗಿ ನನ್ನ ಚೀಲದಿಂದ ಅಂಕಪಟ್ಟಿಯ ಜೆರಾಕ್ಸು ತೆಗೆದು ಮುಂದಿಟ್ಟರು. "ಇದು ನಿಂದೇ ಅಂತ ಗೆಜೆಟೆಡ್ ಆಫೀಸರು ಹಸಿರು ಇಂಕಿನಲ್ಲಿ ಸಹಿ ಮಾಡಿದಾರಲ್ವಾ? ಹಂಗೇನೇ ಆ ಸೈಟು ಇಲಾಖೆಯದ್ದೇ ಅಂತ ಒಂದು ಕಂಪನಿ ಸಹಿ ಮಾಡುತ್ತೆ. ಹೋದ ವಾರ ಸಹಿ ಮಾಡಿದ್ದ ಕಂಪನಿ ನನ್ನ ಕಂಪ್ಯೂಟರಿಗೆ ಗೊತ್ತಿತ್ತು, ಸುಮ್ನೆ ಒಳಗೆ ಬಿಡ್ತು. ಇವತ್ತು ಬೇರೆ ಯಾರೋ ಸಹಿ ಮಾಡಿದಾರೆ. ಇದು ಹಳೇ ಮೆಷಿನ್ನು, ಹೊಸಬ್ರನ್ನ ಕಂಡಿಲ್ಲ. ಅದಕ್ಕೇ ಕೇಳ್ತಿದೆ. ಇಲಾಖೆಯವ್ರೇ ಸಹಿ ಮಾಡೋರನ್ನ ಬದಲಾಯಿಸಿದ್ರೋ, ಇಲ್ಲಾ ಯಾವನೋ ಕಳ್ಳ ಅವರ ಹೆಸರಲ್ಲಿ ಅಂಗಡಿ ಇಟ್ಟಿದಾನೋ? ನಿನ್ನ ಪಾಸ್‌ವರ್ಡು, ನಿನ್ನ ನಂಬರುಗಳೆಲ್ಲ ಅವನ ಕೈಗೆ ಕೊಡ್ತೀಯಾ?"

"ಕೊಡ್ತೀನಿ! ನಂಗೆ ಕೆಲಸ ಬೇಕು!" ಅಂದೆ. ಅಂದು, ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಎದುರಿನ ಇನ್ನೊಂದು ಸೈಬರ್ ಅಂಗಡಿಗೆ ದಡದಡ ನಡೆದೆ. ಅಲ್ಲಿ ಸಾಲು ಮೆಟ್ಟಿಲವರೆಗೆ ಬಂದಿತ್ತು. ಒಳಗೆ ಅಂಗಡಿಯವನು ಪೆಟ್ಟಿಗೆ ಎದ್ದದ್ದೇ ತಡ ಯೆಸ್ ಒತ್ತುತ್ತಿದ್ದ. "ಅದ್ರಲ್ಲಿ ಏನು ಬರ್ದೈತಪ್ಪಾ?" ಅಂತ ಕೇಳಿದೆ. "ಯಾರಿಗ್ಗೊತ್ತು ಮೇಡಂ, ಬೆಳಗ್ಗಿಂದ ಬತ್ತಾನೇ ಐತೆ. ಎಲ್ರುದೂ ಒತ್ತಿ ಕಳಿಸ್ತಾ ಇದೀನಿ. ಗುಂಪಲ್ಲಿ ಗೋವಿಂದ" ಅಂದ. ಮುಕ್ಕಾಲು ಗಂಟೆ ನಿಂತೆ. ಸಾಲು ಎರಡು ಮೆಟ್ಟಿಲು ಸರಿಯಿತು. ಐದರೊಳಗೆ ನನ್ನ ಸರದಿ ಬರುವುದಿಲ್ಲ ಅಂತ ಖಾತ್ರಿಯಾಯಿತು. ಸುಳ್ಳು ಯಾಕೆ ಹೇಳಲಿ, ನಾನು ವಾಪಸ್ ಬಂದದ್ದು ಮಾಸ್ಟರ ಮಾತು ಸರಿ ಅನ್ನಿಸಿ ಅಲ್ಲ, ಆ ಸಾಲು ನೋಡಿ.

ಬಂದು ನೋಡಿದರೆ ಅವರು ಆಗಲೇ ಕೆಲಸ ಶುರು ಮಾಡಿದ್ದರು. ಆ ಹೊಸ ಸರ್ಟಿಫಿಕೇಟನ್ನು ತೆರೆದು, ಅದರೊಳಗೆ ಬೆರಳಚ್ಚು ಅಂತ ಇರುವ ನಲವತ್ತು ಅಕ್ಷರ ಅಂಕಿಗಳ ಸಾಲನ್ನು ರಿಜಿಸ್ಟರಿಗೆ ಕೆಂಪು ಇಂಕಿನಲ್ಲಿ ನಕಲು ಮಾಡಿದ್ದರು. ಆ ಸಾಲು ಒಂದೊಂದು ಸರ್ಟಿಫಿಕೇಟಿಗೆ ಒಂದೊಂದು ಥರ, ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ. ಇಲಾಖೆಯವರ ಬಳಿ ಇರುವುದೂ ಇದೂ ಒಂದೇ ಆದರೆ ಸೈಟು ಅವರದ್ದೇ. ಮಾಸ್ಟರಿಗೆ ಬೇಕಾದದ್ದು ಅಷ್ಟೇ: ಇಲಾಖೆಯವರೇ ಯಾರಾದರೂ ಆ ಸಾಲನ್ನು ಫೋನಿನಲ್ಲಿ ಓದಿ ಹೇಳಬೇಕು. ಬೂತಿಗಿದ್ದದ್ದು ಒಂದೇ ಲೈನು. ಫೋನು ಮಾಡಬೇಕಾದರೆ ಇಂಟರ್‌ನೆಟ್ ಕಡಿಯಬೇಕು. ಕಡಿದುಬಿಟ್ಟಿದ್ದರು.

"ಸೈಟಿನಲ್ಲೇ ಅವರ ನಂಬರ್ ಇತ್ತಲ್ಲ" ಅಂದೆ, ಅವರು ರಟ್ಟು ಕಿತ್ತುಹೋದ ಟೆಲಿಫೋನ್ ಡೈರೆಕ್ಟರಿ ತಿರುವುತ್ತಿದ್ದುದನ್ನು ನೋಡಿ.

"ಸೈಟು ಕಳ್ಳಂದಾದ್ರೆ ನಂಬರೂ ಕಳ್ಳಂದೇ. ನೀನೇ ಕಳ್ಳನಾ ಅಂತ ಅವನ್ನೇ ಕೇಳ್ದಂಗಾಗುತ್ತೆ" ಅಂದರು.

ಡೈರೆಕ್ಟರಿಯ ನಂಬರಿಗೆ ತಿರುಗಿಸಿದರು. ಎಂಗೇಜು. ಮತ್ತೆ ತಿರುಗಿಸಿದರು. ಎಂಗೇಜು. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ನನ್ನ ಗೊಣಗಾಟವನ್ನೆಲ್ಲ ಸುರಿಸಿಕೊಂಡು ಮತ್ತೆ ಮತ್ತೆ ತಿರುಗಿಸಿದರು. ಸಾವಿತ್ರಮ್ಮ ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟು ಪಕ್ಕದಲ್ಲಿ ಕೂತರು. "ಬಯ್ಕೊ, ಬಯ್ಕೊ. ಬಾಣಾವರದಲ್ಲಿ ಒಂದು ಗಾಡಿ ತುಂಬ ಜನ ಬೈದವ್ರೆ ಇವ್ರನ್ನ" ಅಂತ ಹಳೆಯದೊಂದು ಕತೆ ತೆಗೆದರು.

ಒಂದು ದಿನ ಮಟಮಟ ಮಧ್ಯಾಹ್ನ, ಮುಂದಿನ ದಾರಿ ಖಾಲಿ ಇದೆಯೋ ಇಲ್ಲವೋ ತೋರಿಸುವ ಸ್ಟೇಷನ್ನಿನ ಯಂತ್ರ ಕೆಟ್ಟಿತ್ತಂತೆ. ಅಂಥ ದಿನ ಪಕ್ಕದ ಸ್ಟೇಷನ್ನಿನವರು ಫೋನಿನಲ್ಲಿ ದಾರಿ ಖಾಲಿ ಇದೆ ಅನ್ನಬೇಕು, ಜೊತೆಗೆ ತಮ್ಮ ಬಳಿ ಇರುವ ಗುಟ್ಟಿನ ಹಾಳೆಯಿಂದ ಒಂದು ನಂಬರು ಕೊಡಬೇಕು. ಆ ನಂಬರು ಇಲ್ಲದೆ ಗಾಡಿ ಬಿಡುವಂತಿಲ್ಲ. ಪಕ್ಕದ ಸ್ಟೇಷನ್ನಿನಲ್ಲಿ ಇದ್ದದ್ದು ಮಾಸ್ಟರ ಪ್ರಾಣಸ್ನೇಹಿತ, ಇವರ ಮದುವೆಯಲ್ಲಿ ಹೋಳಿಗೆ ಬಡಿಸಿದವನು. "ಖಾಲಿ ಐತೆ ಬಿಡೋ ಮಾರಾಯ, ನನ್ ದನಿ ಗೊತ್ತಾಗಲ್ವಾ?" ಅಂದನಂತೆ. "ದನಿ ಗೊತ್ತು, ನಂಬರ್ ಕೊಡು" ಅಂದರಂತೆ ಇವರು. ಅವನಿಗೆ ಸಿಟ್ಟು ಬಂದು ಫೋನು ಕುಕ್ಕಿದ. ಇತ್ತ ಗಾಡಿಯಲ್ಲಿದ್ದವರು ಇಳಿದು ಬಂದು ಇವರ ಕೋಣೆಯ ಬಾಗಿಲು ಬಡಿದರು. ಇವರು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕಡೆಗೆ ಗೆಳೆಯ ನಂಬರು ಕೊಡೋಣ ಅಂತ ರಿಜಿಸ್ಟರು ತೆರೆದ. ನಂಬರು ಬರೆಯುವ ಮೊದಲು ಹಿಂದಿನ ಗಾಡಿ ಪೂರ್ತಿ ಬಂತು ಅಂತ ಬರೆಯಬೇಕಲ್ಲ, ಆಗ ನೆನಪಾಯಿತು: ಹಿಂದಿನ ಗೂಡ್ಸು ಗಾಡಿಯ ಕಡೆಯ ಡಬ್ಬಿಯನ್ನು ಅವನು ಕಣ್ಣಾರೆ ನೋಡೇ ಇರಲಿಲ್ಲ. ಹುಡುಕಿಸಿದರೆ ಕೊಂಡಿ ಕಳಚಿದ ಆರು ಡಬ್ಬಿ ದಾರಿಯ ಮಧ್ಯದಲ್ಲಿ ನಿಂತಿದ್ದವು.

"ಮಾರ್ನೇ ದಿನ ಬಂದು ಇವ್ರ ಎರ್ಡೂ ಕೈ ಹಿಡ್ಕೊಂಡು ಹೋ ಅಂತ ಅತ್ಬುಟ್ಟ ಕಣೇ" ಅಂದರು ಸಾವಿತ್ರಮ್ಮ. "ನನ್ ಮೇಲೆ ನಿಂಗೆ ನಂಬ್ಕೆ ಇರ್ನಿಲ್ವಾ ಅಂತ ಕೇಳ್ದ. ಅದಕ್ಕಿವ್ರು, ನಂಬ್ಕೆ ಇತ್ತು ಕಣೋ, ನೀನು ಪುಸ್ತಕ ನೋಡ್ಲಿ ಅಂತ ನಂಬರ್ ಕೇಳ್ದೆ ಅಂದ್ರು."

ಅಷ್ಟರಲ್ಲಿ ಫೋನು ಸಿಕ್ಕಿತು. ನಾಲ್ಕೂ ಕಾಲು. ಎತ್ತಿದವರು ಯಾರೋ, "ಎಲ್ರೂ ಯೆಸ್ ಒತ್ತುತಿದಾರೆ ಸಾರ್, ನೀವೂ ಒತ್ತಿ" ಅಂದದ್ದು ನನಗೂ ಕೇಳಿಸಿತು. "ಎಲ್ರೂ ಒತ್ತಿದಾರೆ ಅನ್ನೋದು ನಂಬರಲ್ಲ ಸ್ವಾಮಿ. ಕಂಪ್ಯೂಟರ್ ಸೆಕ್ಷನ್ನಿಗೆ ಕೊಡಿ" ಅಂದರು ಮಾಸ್ಟರು. ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಒಬ್ಬ ಹೆಂಗಸು ಸಿಕ್ಕಿದಳು. ಮೊದಲು ಗೊಣಗಿದಳು, ಆಮೇಲೆ ಓದಲು ಒಪ್ಪಿದಳು. ಮಾಸ್ಟರು ನೀಲಿ ಪೆನ್ನು ಬಿಚ್ಚಿದರು. ಮೊದಲನೇ ಅಕ್ಷರಕ್ಕೇ ಪೆನ್ನು ನಿಂತಿತು. ಎರಡನೆಯದು, ಮೂರನೆಯದು. "ತಾಳೆ ಆಗ್ತಿಲ್ಲ" ಅಂದರು.

"ಒತ್ತಿಬಿಡಿ ಮಾಸ್ಟ್ರೇ! ನಿಮ್ಮ ಕಾಲಿಗೆ ಬೀಳ್ತೀನಿ! ನನ್ನ ಬದುಕು ಮಾಸ್ಟ್ರೇ ಇದು!" ಅಂತ ಕೂಗಿದೆ. ನಾಚಿಕೆ ಬಿಟ್ಟು ಅತ್ತೆ ಕೂಡ.

ಅವರು ನನ್ನ ಕಡೆ ನೋಡಲಿಲ್ಲ. ಫೋನಿಗೆ ಮೆಲ್ಲಗೆ ಕೇಳಿದರು: "ತಾಯಿ, ನೀವು ಎಲ್ಲಿಂದ ಓದ್ತಿದೀರಿ?"

"ಗೋಡೆ ಮೇಲೆ ಅಂಟಿಸಿದಾರೆ ಸಾರ್, ಅದನ್ನ ನೋಡಿ."

"ಅಂಟಿಸಿದ್ದು ಯಾವಾಗ?"

"ತಾರೀಕು ಹಾಕಿಲ್ಲ ಸಾರ್."

"ಎದ್ದು ಹೋಗಿ ಆ ಸೈಟು ಇರೋ ಮೆಷಿನ್ನಿನಲ್ಲೇ ನೋಡಿ ಓದ್ತೀರಾ? ನಾನು ಕಾಯ್ತೀನಿ. ಆತುರ ಇಲ್ಲ."

ಆತುರ ಇಲ್ಲವಂತೆ! ಗೋಡೆ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತಾರು. ನಾನು ಸೆರಗಿನ ತುದಿ ಕಚ್ಚಿಕೊಂಡು ನಿಂತೆ. ಆ ಹೆಂಗಸು ಓಡಿ ಬಂದಿರಬೇಕು, ಏದುಸಿರು ಕೇಳಿಸುತ್ತಿತ್ತು. "ಸಾರ್, ಗೋಡೆದು ಹಳೇದು. ಸರ್ಟಿಫಿಕೇಟ್ ಕೊಡೋ ಕಂಪನಿ ನಿನ್ನೆ ಬದಲಾಯಿಸಿದ್ದೀವಿ. ಗೋಡೆದನ್ನ ಯಾರೂ ಬದಲಾಯಿಸಿಲ್ಲ. ಈಗ ಮೆಷಿನ್ನಿಂದ ಬರ್ಕೊಂಡು ಬಂದೆ, ಓದ್ತೀನಿ ಬರ್ಕೊಳಿ."

ಅವಳು ಓದಿದ ಒಂದೊಂದು ಅಕ್ಷರವನ್ನೂ ಮಾಸ್ಟರು ತಮ್ಮ ರೈಲಿನ ಭಾಷೆಯಲ್ಲಿ ವಾಪಸ್ ಹೇಳಿದರು. ಎ ಅಂದರೆ ಅರಸೀಕೆರೆ, ಬಿ ಅಂದರೆ ಬಾಣಾವರ, ಡಿ ಅಂದರೆ ದಾವಣಗೆರೆ, ಇ ಅಂದರೆ ಎರ್ನಾಕುಲಂ, ಎಫ್ ಅಂದರೆ ಕೇರಳದ ಫರೋಕ್. ನಲವತ್ತೂ ತಾಳೆಯಾದವು. ಇನ್ನಾದರೂ ಫೋನಿಡುತ್ತಾರೆ ಅಂದುಕೊಂಡರೆ, "ಒಂದ್ಸಲ ಪೂರ್ತಿ ಹೇಳ್ತೀನಿ, ಕೇಳಿಸ್ಕೊಳಿ" ಅಂತ ಮೊದಲಿನಿಂದ ಶುರು ಮಾಡಿದರು. ಅವತ್ತು ನಾನು ಕೊಲೆ ಮಾಡದೆ ಉಳಿದದ್ದು ಸಾವಿತ್ರಮ್ಮ ನನ್ನ ರಟ್ಟೆ ಹಿಡಿದುಕೊಂಡಿದ್ದರಿಂದ.

ಮತ್ತೆ ಮೋಡೆಮ್ಮು ಕಿರುಚಿತು. ಮೊದಲ ಸಲ ಲೈನು ಹಿಡಿಯಲಿಲ್ಲ, ಎರಡನೇ ಸಲ ಹಿಡಿಯಿತು. ಪೆಟ್ಟಿಗೆ ಮತ್ತೆ ಎದ್ದಿತು. ಮಾಸ್ಟರು ಅದೇ ಸರ್ಟಿಫಿಕೇಟೇ ಬಂದಿದೆಯೇ ಅಂತ ತೆರೆದು ನೋಡಿ, ಕುರ್ಚಿ ಬಿಟ್ಟು ಎದ್ದರು. "ಈಗ ನಿಂಗೆ ಗೊತ್ತು. ನೀನೇ ಒತ್ತು" ಅಂದರು. ಯೆಸ್ ಒತ್ತಿದೆ. ಅರ್ಜಿ ತುಂಬಿ ಮುಗಿದಾಗ ಐದಕ್ಕೆ ಎಂಟು ನಿಮಿಷ ಬಾಕಿ. ನನ್ನ ಅರ್ಜಿಯ ಸಂಖ್ಯೆಯನ್ನು ಅವರು ರಿಜಿಸ್ಟರಿನಲ್ಲಿ ಬರೆದುಕೊಂಡರು.

ಬಸ್ಸಿಗೆ ಹೋಗುವಾಗ ಬಸ್‌ಸ್ಟ್ಯಾಂಡ್ ಎದುರಿನ ಆ ಸೈಬರ್ ಅಂಗಡಿಯವನನ್ನು ಕೇಳಿದೆ. ಅವನು ಕಣ್ಣುಮುಚ್ಚಿ ಒತ್ತಿದ ಅರ್ಜಿಗಳೂ ಅಷ್ಟೂ ಹೋಗಿದ್ದವು. ಯಾರದ್ದೂ ಏನೂ ಕಳುವಾಗಲಿಲ್ಲ. ಮುಂದಿನ ಸಲ ಬಂದಾಗ ಅದನ್ನೇ ಹಿಡಿದು ಮಾಸ್ಟರನ್ನು ಚುಚ್ಚಿದೆ. "ಅವರದ್ದೂ ಹೋಯ್ತಲ್ಲ ಮಾಸ್ಟ್ರೇ, ನನ್ನ ಜೀವ ಯಾಕೆ ತಿಂದ್ರಿ?" ಅಂದೆ.

ಅವರು ನಗಲಿಲ್ಲ. "ನಂಬರಿಲ್ದೆ ಬಿಟ್ಟ ಗಾಡಿನೂ ನೂರಕ್ಕೆ ತೊಂಬತ್ತೊಂಬತ್ತು ಸಲ ಸುಖವಾಗೇ ಸೇರುತ್ತೆ ಕಣಮ್ಮ. ಅದಕ್ಕೇ ಜನ ಅಭ್ಯಾಸ ಮಾಡ್ಕೊಳೋದು" ಅಂದರು.

ಕೆಲಸ ಸಿಕ್ಕಿತು. ಸಿಹಿ ತೆಗೆದುಕೊಂಡು ಹೋದಾಗ, ಆದೇಶದ ಪತ್ರವನ್ನು ಬೆಳಕಿಗೆ ಹಿಡಿದು ಸೀಲು ನೋಡಿದರು. ಸಾವಿತ್ರಮ್ಮ "ಥೂ, ಸುಮ್ನಿರಿ ಅತ್ಲಾಗೆ" ಅಂತ ಪತ್ರ ಕಿತ್ತುಕೊಂಡು ದೇವರ ಮುಂದೆ ಇಟ್ಟರು. ಆ ಭಾನುವಾರ ಇಬ್ಬರನ್ನೂ ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋದೆ. ಬೇಲೂರಿನಲ್ಲಿ ಗೈಡು ಒಂದು ಮದನಿಕೆ ತೋರಿಸಿ ಉದ್ದನೆಯ ಕತೆ ಹೇಳಿದ. "ಯಾರು ಹೇಳಿದ್ದು?" ಅಂದರು ಮಾಸ್ಟರು. "ಹಿಂದಿನಿಂದ ಹೇಳ್ತಾ ಬಂದವ್ರೆ ಸಾರ್" ಅಂದ ಅವನು. ಇವರು ಬಗ್ಗಿ, ಕನ್ನಡಕ ಮೇಲೇರಿಸಿ, ವಿಗ್ರಹದ ಪೀಠದಲ್ಲಿ ಕೆತ್ತಿದ್ದ ಹಳಗನ್ನಡದ ಅಕ್ಷರಗಳನ್ನು ಬೆರಳಿನಿಂದ ಸವರಿದರು. "ಮಾಡಿದವನು ತನ್ನ ಹೆಸರು, ತನ್ನ ಊರು ಬರೆದಿದಾನೆ ನೋಡು. ಕತೆಗಿಂತ ಇದು ವಾಸಿ" ಅಂದರು. ಗೈಡು ಮುಖ ಹುಳ್ಳಗೆ ಮಾಡಿಕೊಂಡು ಮುಂದಿನ ವಿಗ್ರಹಕ್ಕೆ ಹೋದ. ಬರುವ ದಾರಿಯಲ್ಲಿ ಹುಲಿಕೆರೆಯ ಕೊಳದ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದೆವು. ಅಲ್ಲಿಯೂ ಮೆಟ್ಟಿಲು ಎಷ್ಟು ಅಂತ ಪುಸ್ತಕದಲ್ಲಿ ಇದ್ದದ್ದನ್ನು ನಂಬದೆ ಇಳಿದು ಎಣಿಸಿ ಬಂದರು. ಆಮೇಲೆ ಮಂಡಿ ನೋವು ಅಂತ ರಾತ್ರಿಯಿಡೀ ಎಣ್ಣೆ ಹಚ್ಚಿಸಿಕೊಂಡರಂತೆ.

ವಿಧಿಯ ಆಟವೋ ಏನೋ, ಕೆಲವು ವರ್ಷಕ್ಕೆ ನನ್ನನ್ನು ಇಲಾಖೆಯ ಕಂಪ್ಯೂಟರ್ ಸೆಕ್ಷನ್ನಿಗೇ ಹಾಕಿದರು. ಗೋಡೆಯ ಮೇಲೆ ಆ ನಲವತ್ತು ಅಕ್ಷರದ ಹಾಳೆ ಇನ್ನೂ ಇತ್ತು, ಈಗ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ವರ್ಷ ಮತ್ತೆ ಕಂಪನಿ ಬದಲಾಯಿತು. ಅವತ್ತೇ ಹಾಳೆ ಕಿತ್ತು ಹೊಸದು ಅಂಟಿಸಿದೆ. ಮಾರನೇ ದಿನ ಫೋನು ಬಂತು. "ನಾನು ಅರಸೀಕೆರೆಯಿಂದ" ಅಂದ ಆ ದನಿ ಸೊರಗಿತ್ತು, ಆದರೂ ಗುರುತು ಹತ್ತಿತು.

"ಮಾಸ್ಟ್ರೇ! ನಾನು ಮಾಸ್ಟ್ರೇ, ಜಾವಗಲ್ಲಿನೋಳು!"

"ಗೊತ್ತು. ಓದು."

ಹೊಸ ಹಾಳೆ ಎದುರಿಗೇ ಇತ್ತು, ಓದತೊಡಗಿದೆ.

"ಎಲ್ಲಿಂದ ಓದ್ತಿದೀಯ?"

"ಗೋಡೆಯಿಂದ. ನಾನೇ ನಿನ್ನೆ ಅಂಟಿಸಿದ್ದು ಮಾಸ್ಟ್ರೇ, ನನ್ನನ್ನೂ ನಂಬಲ್ವಾ?"

"ನಿನ್ನ ನಂಬ್ತೀನಿ. ಎದ್ದು ಹೋಗು."

ಎದ್ದು ಹೋದೆ. ಮೆಷಿನ್ನು ನೋಡಿ ಬರೆದುಕೊಂಡು ಬಂದು ಓದಿದೆ. ನಲವತ್ತೂ ಸರಿಯಾಗಿದ್ದವು, ಹಾಳೆಯೂ ಸರಿಯಾಗಿತ್ತು. ಬಾಣಾವರದ ಯಾವಳೋ ಹೆಣ್ಣುಮಗಳ ಅರ್ಜಿಯಂತೆ, ಕೊನೆಯ ದಿನವಂತೆ. ಮೈ ಹುಷಾರಿಲ್ಲದೆ ಹಾಸಿಗೆ ಹಿಡಿದಿದ್ದವರು ಅದಕ್ಕಾಗಿ ಎದ್ದು ಬಂದು ಕೂತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಅದೇ ನಾನು ಕೇಳಿದ ಅವರ ಕೊನೆಯ ಮಾತು.

ಈಗ ಹೋದ ತಿಂಗಳಿಗೆ ಬರುತ್ತೇನೆ. ಗುರುತಿಲ್ಲದವನು ಹೇಳಿ ಇಟ್ಟಮೇಲೆ, ಅದೇ ನಂಬರಿಗೆ ನಾನು ತಿರುಗಿ ಮಾಡಲಿಲ್ಲ. ಆ ನಂಬರು ನನಗೆ ಗೊತ್ತಿಲ್ಲ. ಗೊತ್ತಿರುವುದು ಬೂತಿನ ನಂಬರು, ಬಾಯಿಪಾಠ. ಎರಡು ಸಲ ತಪ್ಪು ಒತ್ತಿದೆ. ಸುಳ್ಳಾಗಲಿ ದೇವರೇ, ಯಾವನೋ ತಲೆಹರಟೆ ಮಾಡಿರಲಿ, ಮಾಸ್ಟರೇ ಎತ್ತಿ "ಯಾರು, ವಾಪಸ್ ಹೇಳಿ" ಅನ್ನಲಿ ಅಂತ ಹರಕೆ ಹೊರುತ್ತ ಮೂರನೇ ಸಲ ಸರಿಯಾಗಿ ಒತ್ತಿದೆ.

ಒಂದೇ ರಿಂಗಿಗೆ ಎತ್ತಿದರು. ಸಾವಿತ್ರಮ್ಮ.

"ನೀನೇನೇ?" ಅಂದರು. "ನಮ್ ತಮ್ಮನ ಮಗಂಗೆ ಆಗ್ಲೇ ಅಂದೆ, ಅವ್ಳು ನಿನ್ ಮಾತು ನಂಬಲ್ಲ ಕಣ್ಲಾ, ಇಲ್ಲಿಗೇ ಮಾಡ್ತಾಳೆ ಅಂತ. ಯಾರ್ನೂ ಫೋನ್ ಮುಟ್ಟಕ್ ಬಿಡ್ದೆ ಇಲ್ಲೇ ಕುಂತಿವ್ನಿ."

"ನಿಜನಾ ಸಾವಿತ್ರಮ್ಮಾ?" ಅಂದೆ.

"ನಿಜ ಕಣೇ. ನಾನೇ ನೋಡಿವ್ನಿ. ಹನ್ನೊಂದೂ ನಲವತ್ತಕ್ಕೆ ಹೋದ್ರು. ಟೈಮು ರಿಜಿಸ್ಟರ್ನಲ್ಲಿ ಬರ್ಸಿದೀನಿ."

"ಹನ್ನೊಂದೂ ನಲವತ್ತು" ಅಂತ ವಾಪಸ್ ಹೇಳಿದೆ.

"ಹೂಂ. ಸರಿ" ಅಂದರು ಸಾವಿತ್ರಮ್ಮ.

ಆಗ ನಂಬಿದೆ. ಆಮೇಲೆ ಅತ್ತೆ.